ಮನೆಯಲ್ಲಿಯೇ ತಯಾರಿಸಬಹುದಾದ ಕೃತಕ ಬೆರಳು

ರೈತನ ಮೊದಲ ಬಂಡವಾಳ ಅವನ ಕೈ. ನೆಲ, ನೀರು, ಬೀಜ, ಗೊಬ್ಬರ ಎಲ್ಲವೂ ಇದ್ದರೂ ಅವನ್ನು ಬೆಳೆಯಾಗಿ ಮಾರ್ಪಡಿಸುವುದು ಹತ್ತು ಬೆರಳುಗಳ ದುಡಿಮೆಯೇ. ಕಳೆ ಕೀಳುವುದು, ಪೈರು ನಾಟಿ ಮಾಡುವುದು, ಹಾಲು ಕರೆಯುವುದು, ಹಗ್ಗ ಹೊಸೆಯುವುದು, ಹೊರೆಗೆ ಗಂಟು ಹಾಕುವುದು ಇವುಗಳಲ್ಲಿ ಒಂದಾದರೂ ಬೆರಳಿಲ್ಲದೆ ಸಾಗುವುದಿಲ್ಲ. ಆದರೂ ಎತ್ತಿನ ಕಾಲಿಗೆ, ಪಂಪ್‌ಸೆಟ್ಟಿನ ಮೋಟಾರಿಗೆ ತೋರುವ ಕಾಳಜಿಯನ್ನು ರೈತನು ತನ್ನ ಕೈಗೆ ತೋರುವುದು ಕಡಿಮೆ.

ಯಳಂದೂರು ತಾಲ್ಲೂಕಿನ ಅಗರ ಹೋಬಳಿಯಲ್ಲಿಯೂ ನೆರೆಯ ಕೊಳ್ಳೇಗಾಲದ ನೀರಾವರಿ ಬಯಲಿನಲ್ಲಿಯೂ ಭತ್ತ ಮತ್ತು ಕಬ್ಬು ಮುಖ್ಯ ಬೆಳೆಗಳು. ಹನೂರಿನ ಖುಷ್ಕಿ ಭಾಗದಲ್ಲಿ ರಾಗಿ ಮತ್ತು ಮುಸುಕಿನ ಜೋಳದ ಬೇಸಾಯವಿದೆ. ಹಿಂದೆ ಎತ್ತು ತಿರುಗಿಸುತ್ತಿದ್ದ ಕಬ್ಬಿನ ಗಾಣವನ್ನು ಈಗ ಮೋಟಾರು ತಿರುಗಿಸುತ್ತದೆ. ಕಣದ ರೋಣುಗಲ್ಲಿನ ಜಾಗಕ್ಕೆ ಒಕ್ಕಣೆ ಯಂತ್ರ ಬಂದಿದೆ. ಕೊಟ್ಟಿಗೆಯ ಪಕ್ಕದಲ್ಲಿ ಮೇವು ಕತ್ತರಿಸುವ ಯಂತ್ರ ನಿಂತಿದೆ. ಎತ್ತು ಕೂಗಿದರೆ ನಿಲ್ಲುತ್ತದೆ, ಯಂತ್ರ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಮರೆತ ಒಂದು ಕ್ಷಣದಲ್ಲಿ ಬೆರಳು ಹೋಗುತ್ತದೆ.

ಬೆರಳು ಹೋದ ಮೇಲೆ ಹಲವರು ಆ ಕೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಓಡಾಡುತ್ತಾರೆ. ಉಳಿದ ಬೆರಳುಗಳಿಂದಲೂ ಕೆಲಸ ಮಾಡಿಸುವುದನ್ನು ಬಿಡುತ್ತಾರೆ. ಕೈ ಕ್ರಮೇಣ ಬಿಗಿತುಕೊಳ್ಳುತ್ತದೆ. ಆಸ್ಪತ್ರೆಯ ಗಾಯ ಮಾಗಿದ ಮೇಲೆ, ಸಾಮಾನ್ಯ ಸಾಮಗ್ರಿಗಳಿಂದ ಒಂದು ಸರಳ ಕೃತಕ ಬೆರಳನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಅದಕ್ಕೂ ಮೊದಲು ಅಪಘಾತವಾದ ಗಳಿಗೆಯಲ್ಲಿ ಮಾಡಬೇಕಾದುದನ್ನು ತಿಳಿಯುವುದು ಅಗತ್ಯ. ಏಕೆಂದರೆ ತುಂಡಾದ ಬೆರಳನ್ನೇ ಮತ್ತೆ ಜೋಡಿಸಲು ಸಾಧ್ಯವಾದರೆ ಕೃತಕ ಬೆರಳಿನ ಮಾತೇ ಬರುವುದಿಲ್ಲ.

ಬೆರಳು ತುಂಡಾದಾಗ ಮಾಡಬೇಕಾದುದು

1. ಮೊದಲು ಯಂತ್ರವನ್ನು ನಿಲ್ಲಿಸಬೇಕು. ಸಿಕ್ಕಿಕೊಂಡ ಕೈಯನ್ನು ಬಲವಂತದಿಂದ ಎಳೆಯಬಾರದು.

2. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನು ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿರಬೇಕು. ಊತ ಬರುವ ಮೊದಲೇ ಉಂಗುರ, ಬಳೆಗಳನ್ನು ತೆಗೆಯಬೇಕು.

3. ಅರಿಸಿನ, ಕಾಫಿಪುಡಿ, ಬೂದಿ, ಸಗಣಿ, ಸೀಮೆಎಣ್ಣೆ ಇವುಗಳಲ್ಲಿ ಯಾವುದನ್ನೂ ಗಾಯಕ್ಕೆ ಹಾಕಕೂಡದು. ಇವುಗಳಿಂದ ನಂಜೇರುವುದಲ್ಲದೆ, ಜೋಡಿಸುವ ಅವಕಾಶವೂ ಕೆಡುತ್ತದೆ.

4. ತುಂಡಾದ ಬೆರಳನ್ನು ಹುಡುಕಿ, ಕೊಳೆಯಿದ್ದರೆ ಶುದ್ಧ ನೀರಿನಿಂದ ಮೆಲ್ಲನೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಬೇಕು. ಅದನ್ನು ನೀರು ಒಳಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಬೆರೆಸಿದ ಪಾತ್ರೆಯಲ್ಲಿಡಬೇಕು. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಕಬಾರದು. ತಾಕಿದರೆ ಬೀಜದ ಮೊಳಕೆಗೆ ಹಿಮ ಬಡಿದಂತೆ ಜೀವಕೋಶಗಳು ಒಡೆದು ಹಾಳಾಗುತ್ತವೆ.

5. 108ಕ್ಕೆ ಕರೆ ಮಾಡಿ, ಗಾಯಾಳುವನ್ನೂ ಬೆರಳನ್ನೂ ಒಟ್ಟಿಗೆ ಕಳುಹಿಸಬೇಕು. ಹೀಗೆ ತಂಪಾಗಿಟ್ಟ ಬೆರಳು ಸುಮಾರು 24 ಗಂಟೆಗಳವರೆಗೂ ಜೋಡಣೆಗೆ ಯೋಗ್ಯವಾಗಿರಬಹುದು. ತಂಪಿಲ್ಲದೆ ಇಟ್ಟರೆ ಆ ಅವಧಿ ಅರ್ಧಕ್ಕೂ ಕಡಿಮೆ. ಎಲ್ಲ ಬೆರಳನ್ನೂ ಜೋಡಿಸಲು ಆಗುವುದಿಲ್ಲ. ಗಾಣದ ಉರುಳೆಗಳಲ್ಲಿ ಜಜ್ಜಿಹೋದ ಬೆರಳಿಗಿಂತ ಅಲಗಿನಿಂದ ನೇರವಾಗಿ ಕತ್ತರಿಸಿದ ಬೆರಳಿಗೆ ಅವಕಾಶ ಹೆಚ್ಚು. ನಿರ್ಣಯ ವೈದ್ಯರದು. ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪದೆ ಕೇಳಿ ಹಾಕಿಸಿಕೊಳ್ಳಬೇಕು.

ಯಾವ ಬೆರಳು ಹೋದರೆ ಎಷ್ಟು ನಷ್ಟ?

ಐದು ಬೆರಳೂ ಸಮವಲ್ಲ ಎಂಬ ಗಾದೆ ಇಲ್ಲಿಯೂ ಸತ್ಯ. ಕೈಯ ಒಟ್ಟು ಕಾರ್ಯಶಕ್ತಿಯನ್ನು 100 ಎಂದು ಭಾವಿಸಿದರೆ, ವೈದ್ಯರ ಬಳಕೆಯಲ್ಲಿರುವ ಒಂದು ಲೆಕ್ಕದಂತೆ ಹೆಬ್ಬೆರಳಿನ ಪಾಲು 40, ತೋರುಬೆರಳು ಮತ್ತು ನಡುಬೆರಳಿನ ಪಾಲು ತಲಾ 20, ಉಂಗುರದ ಬೆರಳು ಮತ್ತು ಕಿರುಬೆರಳಿನ ಪಾಲು ತಲಾ 10. ಹೆಬ್ಬೆರಳಿಗೆ ಎದುರಾಗಿ ಒಂದು ಬೆರಳು ನಿಂತಾಗ ಮಾತ್ರ ಕೈಗೆ ಹಿಡಿತ ಬರುತ್ತದೆ. ಮನೆಯಲ್ಲಿ ಮಾಡಿದ ಕೃತಕ ಬೆರಳು ತಾನಾಗಿ ಮಡಚುವುದಿಲ್ಲ. ಆದರೆ ಹೆಬ್ಬೆರಳಿಗೆ ಎದುರಾಗಿ ನಿಲ್ಲುವ ಗೂಟದಂತೆ ಕೆಲಸ ಮಾಡುತ್ತದೆ. ಅಷ್ಟರಿಂದಲೇ ಚೊಂಬು ಹಿಡಿಯುವುದು, ಹಗ್ಗ ಹಿಡಿಯುವುದು, ಪೆನ್ನು ಹಿಡಿದು ಸಹಿ ಮಾಡುವುದು ಸುಲಭವಾಗುತ್ತದೆ. ಇದಲ್ಲದೆ, ಏನಾದರೂ ತಾಕಿದರೆ ಜುಮ್ಮೆನ್ನುವ ಮೋಟು ಬೆರಳಿಗೆ ಅದು ಕವಚವೂ ಆಗುತ್ತದೆ.

ಹಳೆಯ ವಿದ್ಯೆ, ಸಾಮಾನ್ಯರ ಕೈಚಳಕ

ಕೈಗೆ ಸಿಗುವ ಸಾಮಗ್ರಿಯಿಂದ ಅಂಗದ ಕೊರತೆಯನ್ನು ತುಂಬುವ ವಿದ್ಯೆ ಬಹಳ ಹಳೆಯದು. ಈಜಿಪ್ಟಿನ ಲಕ್ಸರ್ ಬಳಿಯ ಸಮಾಧಿಯೊಂದರಲ್ಲಿ ಮರ ಮತ್ತು ಚರ್ಮದಿಂದ ಮಾಡಿದ ಕಾಲಿನ ಹೆಬ್ಬೆರಳು ದೊರೆತಿದೆ. ಅದು ಕ್ರಿಸ್ತಪೂರ್ವ 950 ರಿಂದ 710ರ ನಡುವಿನದೆಂದು ಲೆಕ್ಕ ಹಾಕಲಾಗಿದ್ದು, ಈಗ ಕೈರೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಧರಿಸಿ ಸವೆದ ಗುರುತುಗಳು ಅದರ ಮೇಲಿವೆ.

ನಮ್ಮ ದೇಶದಲ್ಲಿ 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಡಾ. ಪಿ. ಕೆ. ಸೇಠಿಯವರು ರಬ್ಬರು ಮತ್ತು ಮರವನ್ನು ಬಳಸಿ ಜೈಪುರ ಪಾದವನ್ನು ರೂಪಿಸಿದರು. ವಿದೇಶೀ ಪಾದಕ್ಕೆ ಬೂಟು ಬೇಕಾಗಿತ್ತು. ಇದನ್ನು ತೊಟ್ಟು ಬರಿಗಾಲಿನಲ್ಲಿ ಕೆಸರು ಗದ್ದೆಗೆ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಬಹುದು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬೆರಳಿನ ವಿಷಯದಲ್ಲಿ ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವ್ಯಾನ್ ಆಸ್ ಅವರ ಉದಾಹರಣೆ ಗಮನಾರ್ಹ. 2011ರಲ್ಲಿ ಗರಗಸಕ್ಕೆ ಸಿಕ್ಕಿ ಬಲಗೈ ಬೆರಳುಗಳನ್ನು ಕಳೆದುಕೊಂಡ ಅವರು, ಕೊಳ್ಳುವ ಬೆರಳಿನ ಬೆಲೆ ಎಟುಕದೆ, ಅಮೆರಿಕದ ಐವನ್ ಓವೆನ್ ಅವರ ಜೊತೆಗೂಡಿ ತಾವೇ ಯಾಂತ್ರಿಕ ಬೆರಳನ್ನು ರೂಪಿಸಿದರು ಮತ್ತು ಅದರ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು.

ಯಾರು ಮಾಡಿಕೊಳ್ಳಬಹುದು, ಯಾರು ಕೂಡದು?

ಬೆರಳಿನ ಬುಡದಿಂದ ಕನಿಷ್ಠ ಎರಡೂವರೆ ಸೆಂ.ಮೀ. (ಒಂದು ಅಂಗುಲ) ಮೋಟು ಉಳಿದಿದ್ದರೆ ಇಲ್ಲಿ ಹೇಳಿರುವ ಬೆರಳು ನಿಲ್ಲುತ್ತದೆ. ಗಾಯ ಪೂರ್ತಿ ಮಾಗಿ, ಊತ ಇಳಿದು, ವೈದ್ಯರು ಒಪ್ಪಿದ ಮೇಲೆಯೇ ಆರಂಭಿಸಬೇಕು. ಸಿಹಿಮೂತ್ರ ರೋಗವಿರುವವರು, ಕುಷ್ಠದಿಂದಾಗಲಿ ನರದ ಏಟಿನಿಂದಾಗಲಿ ಕೈಗೆ ಸ್ಪರ್ಶವಿಲ್ಲದವರು ಮನೆಯಲ್ಲಿ ಮಾಡಿದ್ದನ್ನು ಧರಿಸಕೂಡದು. ಒತ್ತಿದ್ದು, ಉಜ್ಜಿದ್ದು ಅವರಿಗೆ ತಿಳಿಯುವುದಿಲ್ಲ. ಹುಣ್ಣಾದ ಮೇಲೆಯೇ ಗೊತ್ತಾಗುತ್ತದೆ. ಹೆಬ್ಬೆರಳು ಹೋದವರಿಗೆ ಅಂಗೈಯನ್ನು ಆಧರಿಸಿದ ಜೋಡಣೆ ಬೇಕಾಗುವುದರಿಂದ ಅವರು ಕೃತಕ ಅಂಗ ಕೇಂದ್ರಕ್ಕೇ ಹೋಗುವುದು ಲೇಸು.

ಮೋಟನ್ನು ಹದಗೊಳಿಸುವುದು

ಬಿತ್ತುವ ಮೊದಲು ನೆಲ ಹದ ಮಾಡುವಂತೆ ಮೋಟು ಬೆರಳನ್ನೂ ಹದ ಮಾಡಬೇಕು. ಮೊದಲ ವಾರ ದಿನಕ್ಕೆ ನಾಲ್ಕೈದು ಬಾರಿ ಹತ್ತಿಯಿಂದ, ಆಮೇಲೆ ಒರಟು ಬಟ್ಟೆಯಿಂದ ಮೆಲ್ಲನೆ ಸವರಬೇಕು. ನಂತರ ಒಂದು ಬೋಗುಣಿಯಲ್ಲಿ ರಾಗಿ ತುಂಬಿ ಅದರೊಳಗೆ ಕೈಯಾಡಿಸಬೇಕು. ಅದು ಹಿತವಾದ ಮೇಲೆ ಅಕ್ಕಿ, ಕೊನೆಗೆ ಹುರುಳಿ. ಇದರಿಂದ ಚರ್ಮದ ಅತಿ ಸೂಕ್ಷ್ಮತೆ ತಗ್ಗುತ್ತದೆ. ಬೆರಳಿನ ಬುಡದ ಗೆಣ್ಣನ್ನು ಪ್ರತಿದಿನ ಮಡಚಿ ಬಿಡಿಸುತ್ತಿರಬೇಕು.

ಇಲ್ಲದ ಬೆರಳು ನೋಯುವಂತೆ, ತುರಿಸುವಂತೆ ಕೆಲವರಿಗೆ ಅನ್ನಿಸುವುದುಂಟು. ಇದು ಭ್ರಮೆಯಲ್ಲ, ಗಾಳಿಯ ಸೋಂಕೂ ಅಲ್ಲ. ಕತ್ತರಿಸಿದ ನರಗಳೂ ಮಿದುಳೂ ಹಳೆಯ ಬೆರಳಿನ ನೆನಪನ್ನು ಬಿಡದೆ ಇರುವುದರಿಂದ ಹೀಗಾಗುತ್ತದೆ. ಬಹುಮಟ್ಟಿಗೆ ಕಾಲಕ್ರಮದಲ್ಲಿ ಕಡಿಮೆಯಾಗುತ್ತದೆ. ನಿದ್ರೆ ಕೆಡಿಸುವಷ್ಟಿದ್ದರೆ ವೈದ್ಯರಲ್ಲಿ ಔಷಧವಿದೆ.

ಬೇಕಾಗುವ ಸಾಮಗ್ರಿಗಳು

ಮನೆಯ ವಿದ್ಯುತ್ ತಂತಿ ಎಳೆಯಲು ಬಳಸುವ 25 ಮಿ.ಮೀ. ಪಿ.ವಿ.ಸಿ. ಪೈಪಿನ ತುಂಡು (ಸಣ್ಣ ಬೆರಳಿಗೆ 20 ಮಿ.ಮೀ.); ಹಗುರ ಮರದ ತುಂಡು; ಹಳೆಯ ಹತ್ತಿ ಪಂಚೆ; ಹಳೆಯ ಸೈಕಲ್ ಟ್ಯೂಬು; ಚಪ್ಪಲಿ ಹೊಲಿಯುವ ಮೇಣದ ದಾರ; ಒಂದೂವರೆ ಸೆಂ.ಮೀ. ಅಗಲದ ಹತ್ತಿ ಪಟ್ಟಿ, ಒತ್ತಿದರೆ ಅಂಟಿ ಎಳೆದರೆ ಬಿಡುವ ವೆಲ್ಕ್ರೊ ಪಟ್ಟಿ, ಪಂಕ್ಚರ್ ಹಾಕುವ ಸೊಲ್ಯೂಷನ್, ಮರಳು ಕಾಗದ. ಮರಕ್ಕೆ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ ಉತ್ತಮ. ಅದು ಹಗುರ, ನಯ, ಸೀಳು ಏಳುವುದಿಲ್ಲ.

ಹನಿ ನೀರಾವರಿಯ ಕಪ್ಪು ಕೊಳವೆ ಹೊಲದಲ್ಲೇ ಸಿಗುತ್ತದೆ, ಅದನ್ನೇ ಏಕೆ ಬಳಸಬಾರದು ಎಂದು ಕೇಳಬಹುದು. ಅದು ಬಿಸಿನೀರಿನಲ್ಲಿ ಮೆತ್ತಗಾದರೂ ಆರಿದ ಮೇಲೆ ತನ್ನ ಹಳೆಯ ಆಕಾರಕ್ಕೇ ತಿರುಗುತ್ತದೆ. ಪಿ.ವಿ.ಸಿ. ಆದರೋ ಕುದಿಯುವ ನೀರಿನಲ್ಲಿ ಮೆತ್ತಗಾಗಿ, ತಣ್ಣೀರಿನಲ್ಲಿ ಕೊಟ್ಟ ಆಕಾರವನ್ನೇ ಹಿಡಿದು ನಿಲ್ಲುತ್ತದೆ.

ತಯಾರಿಸುವ ಕ್ರಮ

1. ಅಳತೆ: ಸಂಜೆಯ ವೇಳೆ, ಅಂದರೆ ಕೆಲಸದಿಂದ ಕೈ ಸ್ವಲ್ಪ ಊದಿಕೊಂಡಿರುವಾಗ, ಮೋಟಿನ ದಪ್ಪವಾದ ಭಾಗಕ್ಕೆ ದಾರ ಸುತ್ತಿ ಸುತ್ತಳತೆ ತೆಗೆಯಬೇಕು. ಸುತ್ತಳತೆಯನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಉದಾಹರಣೆಗೆ ಸುತ್ತಳತೆ 66 ಮಿ.ಮೀ. ಇದ್ದರೆ ದಪ್ಪ 21 ಮಿ.ಮೀ. ಒಳಗವಸಿಗೆಂದು 2 ಮಿ.ಮೀ. ಸೇರಿಸಿದರೆ 23 ಮಿ.ಮೀ. ಆಯಿತು. ಉದ್ದಕ್ಕೆ ಇನ್ನೊಂದು ಕೈಯ ಅದೇ ಬೆರಳನ್ನು ಅಳೆಯಬೇಕು. ಕೃತಕ ಬೆರಳು ನಿಜ ಬೆರಳಿಗಿಂತ ಅರ್ಧ ಸೆಂ.ಮೀ. ಗಿಡ್ಡವಿರಲಿ, ಉದ್ದವಾದರೆ ಎಲ್ಲದಕ್ಕೂ ತಗುಲುತ್ತದೆ.

2. ಒಳಗವಸು: ಪಂಚೆಯ ಬಟ್ಟೆಯನ್ನು ಎರಡು ಪದರ ಮಾಡಿ ಮೋಟಿಗೆ ಹೊಂದುವ ಚೀಲ ಹೊಲಿಯಬೇಕು. ಹೊಲಿಗೆಯ ಏಣು ಹೊರಮುಖವಾಗಿರಬೇಕು, ಒಳಗಿದ್ದರೆ ಚರ್ಮ ಉಜ್ಜುತ್ತದೆ. ದಿನವೂ ಒಗೆದು ಬದಲಿಸಲು ನಾಲ್ಕಾದರೂ ಇರಬೇಕು.

3. ಅಚ್ಚು: ಮೇಲಿನ ಲೆಕ್ಕದಂತೆ 23 ಮಿ.ಮೀ. ದಪ್ಪದ ಮರದ ಗೂಟವೊಂದನ್ನು ಕೆತ್ತಿಕೊಳ್ಳಬೇಕು. ಮೋಟು ತುದಿಯತ್ತ ಕಿರಿದಾಗಿದ್ದರೆ ಗೂಟವೂ ಹಾಗೆಯೇ ಇರಬೇಕು.

4. ಕೊಳವೆ: ನಿಜ ಬೆರಳು ಏಳೂವರೆ ಸೆಂ.ಮೀ., ಮೋಟು 3 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಕೊಳವೆಯ ಉದ್ದ 5 ಸೆಂ.ಮೀ. ಇದರಲ್ಲಿ 3 ಸೆಂ.ಮೀ. ಮೋಟಿಗೆ, ಅರ್ಧ ಸೆಂ.ಮೀ. ಹತ್ತಿಗೆ, ಉಳಿದ ಒಂದೂವರೆ ಸೆಂ.ಮೀ. ಮರದ ತುದಿಗೆ. ಪೈಪನ್ನು ಕತ್ತರಿಸಿ ಬೆರಳ ಬೆನ್ನಿನ ಕಡೆ ಬರುವಂತೆ ಉದ್ದಕ್ಕೂ ಒಂದು ಸೀಳು ಕೊಡಬೇಕು. ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಅದ್ದಿ, ಚಿಮ್ಮಟದಿಂದ ತೆಗೆದು, ಗೂಟದ ಮೇಲೇರಿಸಿ, ಬಟ್ಟೆಯಿಂದ ಬಿಗಿದು ತಣ್ಣೀರಿಗೆ ಹಾಕಬೇಕು. ಬಿಸಿ ಕೊಳವೆಯನ್ನು ಎಂದಿಗೂ ಕೈಯ ಮೇಲೆ ಹಾಕಿ ಅಚ್ಚು ಮಾಡಕೂಡದು. ಪಿ.ವಿ.ಸಿ.ಯನ್ನು ಬೆಂಕಿಯಲ್ಲಿ ಕಾಯಿಸಲೂ ಕೂಡದು, ಹೊಗೆ ವಿಷಕರ.

5. ಅಂಚು: ಬುಡದ ಅಂಚನ್ನು ಅಂಗೈ ಕಡೆ ಅರ್ಧಚಂದ್ರಾಕಾರವಾಗಿ ತಗ್ಗಿಸಬೇಕು. ಇಲ್ಲದಿದ್ದರೆ ಗೆಣ್ಣು ಮಡಚಲು ಅಡ್ಡವಾಗುತ್ತದೆ. ಎರಡು ಬೆರಳುಗಳ ನಡುವಿನ ಸಂದಿಗೆ ತಾಕುವ ಕಡೆಯನ್ನೂ ತಗ್ಗಿಸಿ, ಎಲ್ಲ ಅಂಚುಗಳನ್ನು ಮರಳು ಕಾಗದದಿಂದ ಕೆನ್ನೆಗೆ ಸವರಿದರೂ ಗೀರದಷ್ಟು ನಯ ಮಾಡಬೇಕು.

6. ತುದಿ: ಮೂರೂವರೆ ಸೆಂ.ಮೀ. ಮರದ ತುಂಡಿನಲ್ಲಿ ಒಂದೂವರೆ ಸೆಂ.ಮೀ. ಕೊಳವೆಯೊಳಗೆ ಬಿಗಿಯಾಗಿ ಕೂರುವಂತೆಯೂ, ಉಳಿದ 2 ಸೆಂ.ಮೀ. ಬೆರಳ ತುದಿಯಂತೆ ಗುಂಡಗೆ, ಅಂಗೈ ಕಡೆ ತುಸು ಬಾಗಿರುವಂತೆಯೂ ಕೆತ್ತಬೇಕು. ಈಗ ಒಟ್ಟು ಉದ್ದ 7 ಸೆಂ.ಮೀ. ಕೊಳವೆ ಮತ್ತು ಮರಕ್ಕೆ ಅಡ್ಡಲಾಗಿ ಬಡಗಿಯ ಬೈರಿಗೆಯಿಂದ ತೂತು ಕೊರೆದು ಮೇಣದ ದಾರದಿಂದ ಬಿಗಿದು, ಗಂಟನ್ನು ಹೊರಗೆ ಹಾಕಬೇಕು. ಮೊಳೆ ಹೊಡೆಯಬಾರದು. ಸಡಿಲವಾದ ಮೊಳೆ ಮೋಟಿಗೆ ಚುಚ್ಚುತ್ತದೆ. ಮರಕ್ಕೂ ಮೋಟಿಗೂ ನಡುವೆ ಉಳಿದ ಅರ್ಧ ಸೆಂ.ಮೀ. ಜಾಗಕ್ಕೆ ಹತ್ತಿ ತುಂಬಬೇಕು. ಭಾರವನ್ನು ಮೋಟಿನ ಪಕ್ಕಗಳು ಹೊರಬೇಕೇ ಹೊರತು ತುದಿಯ ಗಾಯದ ಕಲೆ ಹೊರಬಾರದು.

7. ಹೊದಿಕೆ: ಸೈಕಲ್ ಟ್ಯೂಬನ್ನು ಒಂದು ಸೆಂ.ಮೀ. ಪಟ್ಟಿಯಾಗಿ ಕತ್ತರಿಸಿ ತುದಿಯಿಂದ ಬುಡದತ್ತ ಸುತ್ತಿ ಸೊಲ್ಯೂಷನ್‌ನಿಂದ ಅಂಟಿಸಬೇಕು. ಇದು ಜಾರದ ಹಿಡಿತ ಕೊಡುತ್ತದೆ. ಬೆನ್ನಿನ ಸೀಳಿನ ಮೇಲೆ ಹೆಚ್ಚು ಬಿಗಿಯಬಾರದು, ಕೊಳವೆಗೆ ಸ್ವಲ್ಪ ಅರಳುವ ಅವಕಾಶವಿರಲಿ. ಒಂದು ದಿನವಿಡೀ ನೆರಳಲ್ಲಿ ಆರಿಸಿದ ಮೇಲೆಯೇ ಧರಿಸಬೇಕು. ರಬ್ಬರಿನಿಂದ ಮೈ ತುರಿಸುವವರು ಟ್ಯೂಬಿನ ಬದಲು ಹತ್ತಿ ದಾರ ಸುತ್ತಬಹುದು.

8. ಪಟ್ಟಿ: ಕೊಳವೆಯ ಬುಡದಿಂದ ಹತ್ತಿ ಪಟ್ಟಿಯನ್ನು ಕೈಯ ಬೆನ್ನಿನ ಮೇಲೆ ತಂದು, ಮಣಿಕಟ್ಟಿನ ಪಟ್ಟಿಗೆ ವೆಲ್ಕ್ರೊದಿಂದ ಸೇರಿಸಬೇಕು. ತಂತಿ ಅಥವಾ ಬಿಗಿಗಂಟು ಬೇಡ. ಬೆರಳು ಎಲ್ಲಾದರೂ ಸಿಕ್ಕಿಕೊಂಡರೆ ಅದು ತಾನೇ ಕಳಚಿಕೊಂಡು ಕೈಯನ್ನು ಬಿಟ್ಟುಬಿಡಬೇಕು. ಇದು ಎಲ್ಲಕ್ಕಿಂತ ಮುಖ್ಯವಾದ ನಿಯಮ.

ಧರಿಸುವ ಕ್ರಮ

ಮೊದಲ ದಿನ 15 ನಿಮಿಷ ಸಾಕು. ತೆಗೆದು ಚರ್ಮವನ್ನು ಬೆಳಕಿನಲ್ಲಿ ನೋಡಬೇಕು. ಕೆಂಪು ಗುರುತು 20 ನಿಮಿಷದೊಳಗೆ ಮಾಯವಾದರೆ ದಿನಕ್ಕೆ 15 ನಿಮಿಷದಂತೆ ಹೆಚ್ಚಿಸುತ್ತ ಹೋಗಬಹುದು. ಮಾಯವಾಗದಿದ್ದರೆ ಕೊಳವೆಯನ್ನು ಆ ಜಾಗದಲ್ಲಿ ಮತ್ತೆ ಬಿಸಿನೀರಿಗದ್ದಿ ಸಡಿಲಿಸಬೇಕು. ಬೊಕ್ಕೆ, ಹುಣ್ಣು, ಚರ್ಮ ನೀಲಿಯಾಗುವುದು, ಜೋಮು ಹಿಡಿಯುವುದು ಇವುಗಳಲ್ಲಿ ಯಾವುದು ಕಂಡರೂ ಬಳಕೆಯನ್ನು ನಿಲ್ಲಿಸಬೇಕು. ರಾತ್ರಿ ಮಲಗುವಾಗ ತೆಗೆದಿಡಬೇಕು. ಮೋಟನ್ನು ದಿನವೂ ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಬೇಕು.

ಕೃತಕ ಬೆರಳನ್ನು ಧರಿಸಿ ಮಾಡಬಾರದ ಕೆಲಸಗಳೂ ಇವೆ. ತಿರುಗುವ ಯಂತ್ರದ ಬಳಿ ಹೋಗಬಾರದು. ತೆಂಗಿನ ಮರ ಹತ್ತಬಾರದು. ಕೊಡಲಿ, ಕುಡುಗೋಲುಗಳಿಗೆ ಅದರ ಹಿಡಿತವನ್ನು ನಂಬಬಾರದು. ಆಲೆಮನೆಯ ಕೊಪ್ಪರಿಗೆಯ ಹತ್ತಿರ ಧರಿಸಬಾರದು, ಬಿಸಿಗೆ ಪಿ.ವಿ.ಸಿ. ಮೆತ್ತಗಾಗುತ್ತದೆ. ಕೀಟನಾಶಕ ಬೆರೆಸುವಾಗ, ಸಿಂಪಡಿಸುವಾಗ ಧರಿಸಿದರೆ ಒಳಗವಸು ವಿಷವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ.

ಕೇಂದ್ರಗಳ ನೆರವು

ಮನೆಯ ಬೆರಳು ಒಂದು ಆರಂಭ ಮಾತ್ರ. ಸಿಲಿಕೋನ್ ಬೆರಳು, ಮಡಚುವ ಬೆರಳು ಬೇಕಾದವರು ತರಬೇತಾದವರ ಬಳಿ ಹೋಗಬೇಕು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಭಾರತೀಯ ಕೃತಕ ಅಂಗಗಳ ಉತ್ಪಾದನಾ ನಿಗಮ (ಅಲಿಮ್ಕೊ), ಬೆಂಗಳೂರಿನಲ್ಲಿ 1994ರಿಂದ ಇರುವ ಮೊಬಿಲಿಟಿ ಇಂಡಿಯಾ ಸಂಸ್ಥೆ ಈ ಕ್ಷೇತ್ರದಲ್ಲಿ ಹೆಸರಾಂತವು. ಸಾಧನ ಸಲಕರಣೆಗಳಿಗೆ ನೆರವು ನೀಡುವ ಕೇಂದ್ರ ಸರಕಾರದ ಯೋಜನೆ 1981ರಲ್ಲಿ ಆರಂಭವಾಯಿತು. ಅದರ ಲಾಭಕ್ಕೆ ಸಾಮಾನ್ಯವಾಗಿ ಶೇಕಡ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಒಂದು ಬೆರಳು ಮಾತ್ರ ಹೋದವರಿಗೆ ಅಷ್ಟು ಪ್ರಮಾಣ ಬಾರದಿರಬಹುದು. ಆದರೂ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸುವುದು ಒಳ್ಳೆಯದು.

ಬೆರಳನ್ನು ಉಳಿಸಿಕೊಳ್ಳುವುದೇ ಜಾಣತನ

ಒಕ್ಕಣೆ ಯಂತ್ರಗಳಿಂದ ಆದ ಅನಾಹುತಗಳ ಫಲವಾಗಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿತು. ಪೈರು ಉಣಿಸುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ ಯಂತ್ರದ ಕಡೆಯ 45 ಸೆಂ.ಮೀ. ಮೇಲೆ ಮುಚ್ಚಿರಬೇಕು, ಆಗ ಕೈ ಉರುಳೆಗೆ ಎಟುಕುವುದಿಲ್ಲ. ಗಾಣಕ್ಕೂ ಇದೇ ತತ್ವದಲ್ಲಿ ಮರದ ದೋಣಿ ಕಟ್ಟಿಕೊಳ್ಳಬಹುದು. ಕಬ್ಬಿನ ಕೊನೆಯ ತುಂಡನ್ನೂ ಮೇವಿನ ಕೊನೆಯ ಹಿಡಿಯನ್ನೂ ಬೆರಳಿನಿಂದಲ್ಲ, ಇನ್ನೊಂದು ಕಬ್ಬಿನಿಂದಲೋ ಕೋಲಿನಿಂದಲೋ ತಳ್ಳಬೇಕು. ಸ್ವಿಚ್ಚು ಉಣಿಸುವವನ ಕೈಗೆ ಎಟುಕುವಂತಿರಬೇಕು. ಸೆರಗು, ತುಂಬುತೋಳು, ಉಂಗುರ, ಕೈಗವಸು ಇವು ಯಂತ್ರದ ಬಳಿ ಶತ್ರುಗಳು. ಕೆಲಸವಿಲ್ಲದಾಗ ಮೇವು ಕತ್ತರಿಸುವ ಯಂತ್ರದ ಗಾಲಿಗೆ ಬೀಗ ಹಾಕಬೇಕು, ಮಕ್ಕಳು ತಿರುಗಿಸಿ ಆಡುತ್ತಾರೆ. ನಿದ್ದೆಗೆಟ್ಟವರನ್ನು ರಾತ್ರಿ ಗಾಣಕ್ಕೆ ಕೂರಿಸಬಾರದು.

ವಿಸ್ತರಣಾ ಕಾರ್ಯಕರ್ತರು ಬಿತ್ತನೆ ಬೀಜದ ಉಪಚಾರವನ್ನು ತೋರಿಸುವಂತೆಯೇ ತುಂಡಾದ ಬೆರಳನ್ನು ಚೀಲದಲ್ಲಿಟ್ಟು ಕಳುಹಿಸುವ ಕ್ರಮವನ್ನೂ ಗ್ರಾಮಸಭೆಗಳಲ್ಲಿ ಒಂದು ಕ್ಯಾರೆಟ್ಟಿನ ತುಂಡಿನಿಂದ ಮಾಡಿ ತೋರಿಸಬಹುದು. ಹತ್ತು ನಿಮಿಷದ ಈ ಪ್ರಾತ್ಯಕ್ಷಿಕೆ ಒಂದು ಕುಟುಂಬದ ದುಡಿಮೆಯನ್ನು ಉಳಿಸಬಲ್ಲದು. ಬೆರಳು ಕಳೆದುಕೊಂಡವರು ಕೈಯನ್ನು ಮುಚ್ಚಿಡದೆ ಮತ್ತೆ ಕೆಲಸಕ್ಕೆ ಹಚ್ಚಬೇಕು. ಬಳಸಿದ ಕೈ ಬಲಗೊಳ್ಳುತ್ತದೆ, ಬಳಸದ ಕೈ ಬೀಳುಬಿಟ್ಟ ಹೊಲದಂತೆ ಗಟ್ಟಿಯಾಗುತ್ತದೆ.

ಪ್ರಶ್ನೆಗಳು

1. ತುಂಡಾದ ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಏಕೆ ಇಡಬಾರದು?
2. ಮೋಟಿನ ಸುತ್ತಳತೆ 55 ಮಿ.ಮೀ. ಇದ್ದರೆ ಅಚ್ಚಿನ ಗೂಟದ ದಪ್ಪ ಎಷ್ಟಿರಬೇಕು?
3. ಕೊಳವೆಗೆ ಹನಿ ನೀರಾವರಿಯ ಪೈಪಿಗಿಂತ ಪಿ.ವಿ.ಸಿ. ಪೈಪು ಏಕೆ ಉತ್ತಮ?
4. ಮಣಿಕಟ್ಟಿನ ಪಟ್ಟಿಗೆ ಬಿಗಿಗಂಟು ಏಕೆ ಹಾಕಬಾರದು?
5. ಯಾರು ಮನೆಯಲ್ಲಿ ಮಾಡಿದ ಕೃತಕ ಬೆರಳನ್ನು ಧರಿಸಕೂಡದು?